ಒಂದೇ ಕಾಳು ಕಡಿದವಳು

ಕಂಪ್ಲಿ
೬ ಜನವರಿ ೨೦೨೫

ದೊಡ್ಡವ್ವನಿಗೆ ಪಂಪಾವತಿಯ ನಮಸ್ಕಾರ.

ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ಹುಬ್ಬು ಏರಿಸಬೇಡ. ಫೋನಿನಲ್ಲಿ ನೀನೂ ಚೀರುತ್ತೀ, ನಾನೂ ಚೀರುತ್ತೇನೆ, ಕೊನೆಗೆ ಯಾರು ಮೊದಲು ಕಟ್ ಮಾಡಿದರು ಎಂಬುದೇ ಬೇರೆ ಜಗಳವಾಗುತ್ತದೆ. ಕಾಗದವಾದರೆ ಒಬ್ಬರು ಹೇಳಿ ಮುಗಿಸುವ ತನಕ ಇನ್ನೊಬ್ಬರು ಬಾಯಿ ಹಾಕಲಾಗುವುದಿಲ್ಲ. ಹೊನ್ನೂರುಸ್ವಾಮಿ ತನ್ನ ಲಗೇಜ್ ಆಟೋದಲ್ಲಿ ಹೊಸಪೇಟೆಗೆ ಚೀಲ ಹೇರುತ್ತಾನೆ. ಚಿತ್ತವಾಡ್ಗಿಗೆ ಬಂದು ನಿನ್ನ ಕೈಯಲ್ಲೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾನೆ.

ವಿಷಯಕ್ಕೆ ಬರುತ್ತೇನೆ. ನನ್ನ ಮಂಡಕ್ಕಿ ಅರಳುತ್ತಿಲ್ಲ. ಆಯುಧ ಪೂಜೆಯ ದಿನ ಹೊಸ ಭಟ್ಟಿ ಹಚ್ಚಿದ್ದು, ಇವತ್ತಿನವರೆಗೆ ಒಂದು ಚೀಲವೂ ನೆಟ್ಟಗೆ ಬಂದಿಲ್ಲ. ನೀನು ಹೇಳಿದ ಹಾಗೆಯೇ ಭತ್ತ ನೆನೆಸುತ್ತೇನೆ, ಕುದಿಸುತ್ತೇನೆ, ಕಣದಲ್ಲಿ ಒಣಗಿಸುತ್ತೇನೆ. ಗಿರಣಿಯಲ್ಲಿ ಅಕ್ಕಿ ಮಾಡಿಸಿ, ಉಪ್ಪುನೀರು ಹಚ್ಚಿ, ಕಾದ ಮರಳಿನಲ್ಲಿ ಹುರಿಯುತ್ತೇನೆ. ಹುರಿಯುವುದರಲ್ಲಿ ನನಗೆ ಸೋಲಿಲ್ಲ. ಅವ್ವ ತೀರಿಕೊಂಡ ಮೇಲೆ ನಿನ್ನ ಭಟ್ಟಿಯ ಮುಂದೆ ಕೂತೇ ದೊಡ್ಡವಳಾದೆ, ಅದು ನಿನಗೂ ಗೊತ್ತು. ಆದರೂ ಅರ್ಧ ಕಾಳು ಮುಚ್ಚಿಕೊಂಡೇ ಇರುತ್ತದೆ, ಇನ್ನರ್ಧ ಗಿರಣಿಯಲ್ಲೇ ಒಡೆದು ನುಚ್ಚು. ಒಗ್ಗರಣೆ ಮಾಡಿ ಇಟ್ಟರೆ ನಿನ್ನ ಅಳಿಯನೇ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ.

ಭಟ್ಟಿ ಹಾಕಿರುವ ಬಾಡಿಗೆ ಶೆಡ್ಡಿನ ಧಣಿ ಕೊಟ್ರಯ್ಯ ಮೊನ್ನೆ ಬಂದು, "ಯುಗಾದಿ ತನಕ ನೋಡ್ತೀನಮ್ಮಾ. ಆಮ್ಯಾಲ ಟೈರ್ ಅಂಗಡಿಯವರಿಗೆ ಕೊಡಾದೇ, ನನ್ನ ಬೈಬ್ಯಾಡ," ಎಂದು ಹೇಳಿ ಹೋದರು. ನಿನ್ನ ಅಳಿಯ ವೀರೇಶ್ ಗಿರಣಿಯ ಕೆಲಸ ಬಿಟ್ಟು ನನ್ನ ಜೊತೆ ನಿಂತಿದ್ದಾರೆ. ಈ ಭಟ್ಟಿ ಆರಿದರೆ ನಾವು ಮತ್ತೆ ಕೂಲಿಗೆ ಹೋಗಬೇಕು.

ನೇರವಾಗಿಯೇ ಕೇಳುತ್ತೇನೆ. ಏನೋ ಒಂದನ್ನು ನೀನು ನನಗೆ ಹೇಳಿಲ್ಲ. ಹೊಸ ಭಟ್ಟಿಗೆ ಹಳೇ ಭಟ್ಟಿಯ ಮರಳು ಒಂದು ಹಿಡಿ ಬೆರೆಸುವುದು ನಮ್ಮ ಪದ್ಧತಿ, ಅದರಂತೆ ಸೀರೆಯ ಚೂರಿನಲ್ಲಿ ಕಟ್ಟಿಕೊಟ್ಟೆ, ಸರಿ. ಆದರೆ ಕೊಡುವಾಗ ನೀನು ನನ್ನ ಮುಖ ನೋಡಲಿಲ್ಲ. ಆ ಮರಳಿಗೆ ಏನು ಬೆರೆಸಿದ್ದೆ?

ನಿನ್ನ ತಂಗಿಯ ಮಗಳು,
ಪಂಪಾವತಿ


ಚಿತ್ತವಾಡ್ಗಿ, ಹೊಸಪೇಟೆ
ಸಂಕ್ರಾಂತಿಯ ಮರುದಿನ, ೧೫ ಜನವರಿ

ಪಂಪಿಗೆ,

ನೀನು ಕಾಗದಕ್ಕೆ ಒಂದೇ ಪಿನ್ ಹೊಡೆದಿದ್ದೀ, ತೂತು ಮಾತ್ರ ನಾಲ್ಕು ಇವೆ. ಹೊನ್ನೂರುಸ್ವಾಮಿ ಬಿಚ್ಚಿ ಓದಿಯೇ ತಂದಿದ್ದಾನೆ. ಕೊಡುವಾಗ ಅವನ ಮೀಸೆಯಲ್ಲಿ ನಗು ಇತ್ತು. ನಾನು ಅನ್ನ ಹಚ್ಚಿ ಅಂಟಿಸಿದ್ದೇನೆ, ಹರಿಯದೆ ತೆಗೆಯಲಿ ನೋಡೋಣ.

ಏನು ಬೆರೆಸಿದೆ ಅಂತ ಕೇಳುತ್ತೀಯಲ್ಲ, ಎಲುಬಿಲ್ಲದ ನಾಲಿಗೆ ಅನ್ನುವುದು ಇದಕ್ಕೇ. ನಿನ್ನ ಮುಖ ನೋಡಲಿಲ್ಲ ನಿಜ. ನೋಡಿದ್ದರೆ ಅಳು ಬರುತ್ತಿತ್ತು, ಅಷ್ಟೂ ತಿಳಿಯಲಿಲ್ಲವೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ ಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿನ್ನದು ಹಾಗಾಯಿತು.

ಹೇಳಿದ್ದನ್ನೇ ಮತ್ತೆ ಬರೆಯುತ್ತೇನೆ. ಕುದಿಸಿದ ಭತ್ತವನ್ನು ಕಣದಲ್ಲಿ ತೆಳ್ಳಗೆ ಹರವು. ಮೇಲೆ ಕೆಳಗೆ ಮಾಡುತ್ತಾ ಇರು. ಹದ ಬಂದಾಗ ಒಂದು ಕಾಳು ಬಾಯಿಗೆ ಹಾಕಿ ಕಡಿ. ಟಕ್ ಅಂದರೆ ಬಳಿದು ರಾಶಿ ಮಾಡು. ಮೊದಲೇ ಬಳಿದರೆ ಅರಳುವುದಿಲ್ಲ, ತಡವಾದರೆ ನುಚ್ಚಾಗುತ್ತದೆ. ಇದರಾಚೆ ನನ್ನ ಹತ್ತಿರ ಏನೂ ಇಲ್ಲ. ಇದ್ದರೆ ನಾನು ಸಾಯುವಾಗ ಹೊತ್ತುಕೊಂಡು ಹೋಗುತ್ತೇನೆಯೇ?

ನನಗಿಲ್ಲಿ ನನ್ನದೇ ಕಾಟ. ಹುಲುಗೇಶ್ ಸಂಡೂರಿನಲ್ಲಿ ಗಣಿಯ ಟಿಪ್ಪರ್ ಓಡಿಸಿ ಭಾನುವಾರ ಮನೆಗೆ ಬಂದವನು ಊಟಕ್ಕೆ ಮೊದಲು ನನ್ನ ಅಂಗಾಲು ತಿರುಗಿಸಿ ನೋಡುತ್ತಾನೆ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಇರಬಾರದಂತೆ. ದೀಪಾವಳಿಗೆ ಮೆತ್ತನೆಯ ಚಪ್ಪಲಿ ತಂದು ತೊಡಿಸಿದ್ದಾನೆ, ಕಣದಲ್ಲೂ ಬಿಚ್ಚುವಂತಿಲ್ಲ. ಚಪ್ಪಲಿಗಾಲಲ್ಲಿ ಭತ್ತ ತುಳಿಯಲಾದೀತೇ, ನನ್ನ ಕೈಲಿ ಆಗದು. ಕಟ್ಟೆಯ ಮೇಲೆ ಕೂತು ಆಳಿನ ಕೈಯಿಂದ ಆಡಿಸುತ್ತೇನೆ. ಹೆತ್ತ ಮಗನೇ ನನ್ನನ್ನು ನಂಬುವುದಿಲ್ಲ, ಇನ್ನು ನೀನು ಯಾವ ಲೆಕ್ಕ.

ಒಂದು ಮಾತು. ಆ ಹಿಡಿ ಮರಳನ್ನು ನನಗೆ ಹಿಂದಕ್ಕೆ ಕಳಿಸು. ಯಾಕೆ ಅಂತ ಕೇಳಬೇಡ.

ಇಂತಿ,
ತಾಯಕ್ಕ


ಕಂಪ್ಲಿ
೨೯ ಜನವರಿ

ದೊಡ್ಡವ್ವ,

ಮರಳು ಡಬ್ಬಿಯಲ್ಲಿದೆ, ತೆಗೆದುಕೋ. ನಿನ್ನ ಒಂದು ಹಿಡಿ ನನ್ನ ಬುಟ್ಟಿಗಟ್ಟಲೆ ಮರಳಿನಲ್ಲಿ ಬೆರೆತು ಮೂರು ತಿಂಗಳಾಯಿತು. ಯಾವುದು ನಿನ್ನದು, ಯಾವುದು ತುಂಗಭದ್ರೆಯದು, ನೀನೇ ಕೂತು ಆರಿಸಿಕೋ. ಅದರಲ್ಲಿ ಏನೂ ಇಲ್ಲ ಎಂದವಳು ಹಿಂದಕ್ಕೆ ಯಾಕೆ ಕೇಳಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಹದ ಬಂದಾಗ ಕಡಿ" ಎಂದು ಬರೆದಿದ್ದೀ. ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಹದ ಬಂದಿದೆಯೋ ಇಲ್ಲವೋ ತಿಳಿಯಲಿಕ್ಕೇ ಅಲ್ಲವೇ ಕಡಿಯುವುದು? ನಾನು ಬೆಳಗಿನಿಂದ ಕಡಿಯುತ್ತಲೇ ಇರುತ್ತೇನೆ. ಗೋಡೆಯ ಕಡೆಯ ಕಾಳು ಮೆತ್ತಗೆ, ಬಯಲಿನ ಕಡೆಯದು ಟಕ್, ನಡುವಿನದು ಎರಡೂ ಅಲ್ಲ. ಸಂಜೆಗೆ ದವಡೆ ನೋವು ಬಂದು ರೊಟ್ಟಿ ಅಗಿಯಲಾಗದೆ ಗಂಜಿ ಕುಡಿದು ಮಲಗುತ್ತೇನೆ.

ನೀನು ಮಾತ್ರ ದಿನಕ್ಕೆ ಒಂದೇ ಕಾಳು ಕಡಿಯುತ್ತಿದ್ದೆ. ಒಂದೇ. ಅದು ಯಾವಾಗಲೂ ಟಕ್ ಎನ್ನುತ್ತಿತ್ತು. ಕಡಿದು "ಇನ್ನೂ ಆಗಿಲ್ಲ" ಎಂದು ನೀನು ಉಗುಳಿದ್ದನ್ನು ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ. ಅಂದರೆ ಕಡಿಯುವ ಮೊದಲೇ ನಿನಗೆ ಗೊತ್ತಿರುತ್ತಿತ್ತು. ಯಾರು ಹೇಳುತ್ತಿದ್ದರು?

ಭಟ್ಟಿಯ ಕಿಟಕಿಯಿಂದ ನಾನು ನಿನ್ನ ಕೈಯನ್ನೇ ನೋಡುತ್ತಿದ್ದೆ. ಗುಟ್ಟು ಇದ್ದರೆ ಕೈಯಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಆ ಕೈ ಸೊಂಟದ ಮೇಲೆ ಸುಮ್ಮನೆ ಕೂತಿರುತ್ತಿತ್ತು. ನೀನು ಎಲೆ-ಅಡಿಕೆ ಮೆಲ್ಲುತ್ತಾ, ಯಾರನ್ನೋ ಬೈಯುತ್ತಾ, ಕಣದ ತುಂಬ ಅಡ್ಡಾಡುತ್ತಿದ್ದೆ, ಅಷ್ಟೇ. ಇಲ್ಲಿ ನನ್ನ ಕಾಲು ಸುಡಬಾರದೆಂದು ನಿನ್ನ ಅಳಿಯ ಉದ್ದ ಹಿಡಿಯ ಮರದ ಹಲಗೆ ಮಾಡಿಕೊಟ್ಟಿದ್ದಾರೆ. ಕಣದ ಅಂಚಿನಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತು ಎಳೆಯುತ್ತೇನೆ. ನಿನಗಿಂತ ಚೊಕ್ಕಟವಾಗಿ ಭತ್ತ ಆಡಿಸುತ್ತೇನೆ, ಆದರೂ ನಿನ್ನ ಮಂಡಕ್ಕಿ ನನ್ನದಾಗುತ್ತಿಲ್ಲ.

ಬಚ್ಚಿಟ್ಟದ್ದನ್ನು ಹೇಳಿಬಿಡು. ಯುಗಾದಿ ಹತ್ತಿರ ಬರುತ್ತಿದೆ.

ಪಂಪಾವತಿ


ಚಿತ್ತವಾಡ್ಗಿ
೮ ಫೆಬ್ರವರಿ

ಪಂಪಿಗೆ,

ಮರಳು ಬಂತು. ಅದು ನನ್ನ ಮರಳಲ್ಲ.

ಯಾರು ಹೇಳುತ್ತಿದ್ದರು ಅಂತೀಯಾ? ದೆವ್ವ ಬಂದು ಹೇಳುತ್ತಿತ್ತು, ಬರೆದುಕೋ. ಹಸಿವಾದದ್ದನ್ನು ನಿನಗೆ ಯಾರು ಹೇಳುತ್ತಾರೆ? ಕಡಿಯುವ ಹೊತ್ತು ಬಂದಾಗ ಕಡಿಯುತ್ತಿದ್ದೆ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಏಳನೇ ಇಯತ್ತೆ ಓದಿದವಳಿಗೆ ಇಷ್ಟು ಬರೆಯುವುದೇ ಹೆಚ್ಚು.

ಇನ್ನೊಂದು ಸುದ್ದಿ ನನ್ನ ಕಿವಿಗೆ ಬಿದ್ದಿದೆ. ತಾಯಕ್ಕ ಯಾವ ಭತ್ತ ತರಿಸುತ್ತಾಳೆ, ಎಷ್ಟು ಹೊತ್ತು ಕುದಿಸುತ್ತಾಳೆ ಎಂದು ನಮ್ಮ ಗಿರಣಿಯಲ್ಲಿ ಕಂಪ್ಲಿಯ ಕಡೆಯ ಒಬ್ಬ ವಿಚಾರಿಸಿದನಂತೆ. ಅಳಿಯನೋ, ಆಟೋದವನೋ? ಮುಖಕ್ಕೆ ಕೇಳಿದ್ದು ಸಾಲದೆ ಬೆನ್ನ ಹಿಂದೆಯೂ ಕೇಳಿಸುತ್ತೀ. ನನ್ನ ಅನ್ನ ತಿಂದ ಹುಡುಗಿ ನೀನೇನಾ ಅಂತ ಅನುಮಾನ ಬರುತ್ತದೆ. ಹೊಟ್ಟೆ ಉರಿಯುತ್ತದೆ ಪಂಪಿ, ಸುಳ್ಳು ಯಾಕೆ ಹೇಳಲಿ.

ಇನ್ನು ಬರೆಯಬೇಡ.

ತಾಯಕ್ಕ


ಕಂಪ್ಲಿ
೨೮ ಫೆಬ್ರವರಿ

ದೊಡ್ಡವ್ವ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಗಿರಣಿಯಲ್ಲಿ ಕೇಳಿಸಿದ್ದು ನಾನೇ, ಇಲ್ಲ ಎನ್ನುವುದಿಲ್ಲ. ಅಲ್ಲಿಯೂ ಏನೂ ಸಿಗಲಿಲ್ಲ. ನಿನ್ನ ಭತ್ತ, ನನ್ನ ಭತ್ತ ಒಂದೇ.

ಶಿವರಾತ್ರಿಗೆ ಹಂಪಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಬಳಿ ಮಿರ್ಚಿ-ಮಂಡಕ್ಕಿ ಅಂಗಡಿ ಇಟ್ಟ ಯಮನಮ್ಮನಿಗೆ ಒಂದು ಚೀಲ ಕೊಟ್ಟು ನೋಡೋಣ ಎಂದು ಒಯ್ದೆ. ಅವಳು ಎರಡು ಕಾಳು ಬಾಯಿಗೆ ಹಾಕಿಕೊಂಡು ಸೊಂಟದ ಮೇಲೆ ಕೈ ಇಟ್ಟಳು.

"ನಿಂದೂ ಗಟ್ಟಿ, ನಿಮ್ಮ ದೊಡ್ಡವ್ವಂದೂ ಗಟ್ಟಿ. ದೀಪಾವಳಿಯಿಂದ ಹಿಂಗ ಐತಿ. ಇಬ್ರೂ ಕೂಡಿ ನನ್ನ ಹಲ್ಲಿನ ಡಾಕ್ಟರ್ ಕಡೆ ಕಳಸಬೇಕಂತ ಮಾಡೀರೇನು?"

ನಾನು ನಂಬಲಿಲ್ಲ. ನಿನ್ನ ಚೀಲದ ಬಾಯಿ ಬಿಚ್ಚಿಸಿ ತಿಂದು ನೋಡಿದೆ. ಮೊದಲು ಖುಷಿಯಾಯಿತು, ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಚಿತ್ತವಾಡ್ಗಿಯ ತಾಯಕ್ಕನ ಮಂಡಕ್ಕಿ ಹಲ್ಲಿಗೆ ತಾಗುವುದೆಂದರೇನು.

ಬಸ್ಸಿನಲ್ಲಿ ಬರುವಾಗ ಒಂದೊಂದೇ ತಿಳಿಯಿತು. ಮರಳು ಹಿಂದಕ್ಕೆ ಕೇಳಿದ್ದು ಇದಕ್ಕೇ. ನಿನ್ನ ಭಟ್ಟಿಯ ಅದೃಷ್ಟ ನಾನು ಹೊತ್ತು ತಂದೆ ಎಂದು ನಿನಗೆ ಅನುಮಾನ. ನಿನ್ನ ಗುಟ್ಟು ನೀನು ಬಚ್ಚಿಟ್ಟೆ ಎಂದು ನನಗೆ ಅನುಮಾನ. ನೀನು ಬಚ್ಚಿಟ್ಟಿದ್ದರೆ ನಿನ್ನದಾದರೂ ಅರಳಬೇಕಿತ್ತು. ನಾನು ಕದ್ದಿದ್ದರೆ ನನ್ನದಾದರೂ ಅರಳಬೇಕಿತ್ತು. ಹಾಗಾದರೆ ಅದು ಎಲ್ಲಿ ಹೋಯಿತು?

ಒಂದು ಕೆಲಸ ಮಾಡು. ಒಂದು ದಿನ ಆಳನ್ನು ಮನೆಗೆ ಕಳಿಸು. ನೀನೊಬ್ಬಳೇ, ನಾನಿದ್ದಾಗ ಮಾಡುತ್ತಿದ್ದ ಹಾಗೆಯೇ, ಮೊದಲಿನಿಂದ ಕೊನೆಯ ತನಕ ಭತ್ತ ಒಣಗಿಸು. ಏನು ಮಾಡುತ್ತೀ ಎಂದು ನಿನ್ನನ್ನು ನೀನೇ ನೋಡಿಕೋ. ಇನ್ನೊಂದು ತಿಂಗಳಿಗೆ ಯುಗಾದಿ. ನನಗೆ ನಿನ್ನನ್ನು ಬಿಟ್ಟು ಕೇಳಲು ಯಾರೂ ಇಲ್ಲ.

ಪಂಪಾವತಿ


ಹೊಸಪೇಟೆ
೧೨ ಮಾರ್ಚ್

ಪಂಪಾ,

ಅವ್ವನ ದಿಂಬಿನ ಕೆಳಗೆ ನಿನ್ನ ಕಾಗದ ಸಿಕ್ಕಿತು. ಏನು ಮಾಡಿಸಿದ್ದೀ ಎಂದು ನಿನಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಭಾನುವಾರ ಸಂಡೂರಿನಿಂದ ಬಂದಾಗ ಚಪ್ಪಲಿ ಕಣದ ಕಟ್ಟೆಯ ಮೇಲಿತ್ತು. ಅವ್ವ ಬಿಸಿಲಿನಲ್ಲಿ, ಕಾದ ಗಚ್ಚಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದಳು. ನನ್ನನ್ನು ನೋಡಿ, "ಕಣದಾಗ ನೀರು ಯಾರು ಚೆಲ್ಯಾರ ನೋಡಲೇ," ಎಂದಳು. ನೀರಲ್ಲ, ಅವಳ ಅಂಗಾಲಿನ ಬೊಬ್ಬೆ ಒಡೆದ ಗುರುತು. ಎರಡೂ ಕಾಲು ಸುಟ್ಟಿವೆ. ಸುಟ್ಟದ್ದು ಅವಳಿಗೆ ತಿಳಿದೇ ಇರಲಿಲ್ಲ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ ತಂದಿದ್ದೇನೆ. ಕಾಲು ಉಳಿಯುತ್ತದೆ, ಸರಿಯಾಗಿ ನೋಡಿಕೊಳ್ಳಿ ಎಂದಿದ್ದಾರೆ.

ನಿನಗೆ ಏನು ಬೇಕಾಗಿದೆ? ಭಟ್ಟಿಯೇ ಬೇಕಿದ್ದರೆ ಬಾಯಿಬಿಟ್ಟು ಕೇಳು. ಅವ್ವನ ಕಾಲಿನ ಮೇಲೆ ಯಾಕೆ ಕಣ್ಣು?

ಹುಲುಗೇಶ್


ಚಿತ್ತವಾಡ್ಗಿ
೧೬ ಮಾರ್ಚ್

ಪಂಪಿ,

ನಿನ್ನ ಅಣ್ಣ ಬರೆದದ್ದಕ್ಕೆ ಅಳಬೇಡ. ಅವನಿಗೆ ಹೆದರಿಕೆ ಸಿಟ್ಟಾಗಿ ಬರುತ್ತದೆ, ಅವನಪ್ಪನದೂ ಹಾಗೇ ಇತ್ತು.

ನೀನು ಹೇಳಿದ ಹಾಗೆ ಮಾಡಿದೆ. ಆಳನ್ನು ಕಳಿಸಿದೆ. ಚಪ್ಪಲಿ ಬಿಚ್ಚಿ, ಭತ್ತದೊಳಗೆ ಕಾಲು ಎಳೆಯುತ್ತಾ ಸಾಲು ಹೊಡೆದೆ. ಬೈಯಲು ಯಾರೂ ಇರಲಿಲ್ಲ, ಕಾಳು ತಿನ್ನಲು ಬಂದ ಗುಬ್ಬಿಗಳನ್ನೇ ಬೈದೆ. ಹೊತ್ತು ಏರಿತು. ನಾನು ಕಾಯುತ್ತಿದ್ದೆ. ಏನಕ್ಕೆ ಕಾಯುತ್ತಿದ್ದೇನೆ ಎಂಬ ಪ್ರಶ್ನೆ ಆಗ ಮೊದಲ ಸಲ ನನಗೇ ಬಂತು.

ಮೊದಲೆಲ್ಲ ಕಾಲು ತಾನಾಗಿ ನಿಲ್ಲುತ್ತಿತ್ತು ಪಂಪಿ. ಯಾರನ್ನೋ ಬೈಯುತ್ತಾ ನಡೆಯುತ್ತಿದ್ದಾಗ ಒಂದು ಕಡೆ ಸುಮ್ಮನೆ ನಿಲ್ಲುತ್ತಿತ್ತು. ಅದು ನಿಂತಾಗ ನಾನು ಬಗ್ಗಿ ಒಂದು ಕಾಳು ತೆಗೆದು ಕಡಿಯುತ್ತಿದ್ದೆ. ಹಲ್ಲಿಗೆ ಗೊತ್ತು ಎಂದು ನಾನು ತಿಳಿದಿದ್ದೆ. ಕೈಗೆ ಗೊತ್ತು ಎಂದು ನೀನು ತಿಳಿದಿದ್ದೆ. ಗೊತ್ತಿದ್ದದ್ದು ಅಂಗಾಲಿಗೆ. ಅವತ್ತು ಕಾಲು ನಿಲ್ಲಲೇ ಇಲ್ಲ, ನಡೆಯುತ್ತಲೇ ಇತ್ತು. ಕೆಳಗೆ ಇರುವುದು ಭತ್ತವೋ ಗಚ್ಚೋ ಅದಕ್ಕೆ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ಅದನ್ನು ಯಾವಾಗಲೋ ತಿಂದುಹಾಕಿದೆ. ಚಪ್ಪಲಿ ಹಾಕಿಕೊಂಡಿದ್ದಕ್ಕೆ ನನಗೆ ಇಷ್ಟು ದಿನ ಗೊತ್ತಾಗಿರಲಿಲ್ಲ, ಅಷ್ಟೇ.

ನಾನು ಏನನ್ನೂ ಬ‌ಚ್ಚಿಟ್ಟಿರಲಿಲ್ಲ. ಇದೆ ಅಂತ ಗೊತ್ತಿದ್ದರಲ್ಲವೇ ಬಚ್ಚಿಡುವುದು?

ಕಾಲಿಗೆ ಏನು ತಿಳಿಯುತ್ತಿತ್ತು ಹೇಳು ಅಂತ ಮಾತ್ರ ಕೇಳಬೇಡ. ಬಿಸಿಯೋ, ತಂಪೋ, ಒರಟೋ, ಯಾವ ಮಾತೂ ಬಾಯಿಗೆ ಬರುತ್ತಿಲ್ಲ. ಇನ್ನು ಕಾಲನ್ನು ಕೇಳೋಣ ಅಂದರೆ ಅದೂ ಇಲ್ಲ. ಇದನ್ನು ಬರೆಯುವಾಗ ಅಳು ಬರುತ್ತಿದೆ. ಬೊಬ್ಬೆಗೆ ಅತ್ತಿಲ್ಲ, ಇದಕ್ಕೆ ಅಳುತ್ತಿದ್ದೇನೆ.

ಅಳಿಯ ಮಾಡಿಕೊಟ್ಟ ಹಲಗೆಯನ್ನು ಒಲೆಗೆ ಹಾಕು. ಅವನ ಮೇಲೆ ಸಿಟ್ಟಿಲ್ಲ ಅಂತ ಹೇಳು.

ದೊಡ್ಡವ್ವ


ಕಂಪ್ಲಿ
೨೧ ಮಾರ್ಚ್

ದೊಡ್ಡವ್ವ,

ನಿನ್ನ ಕಾಗದ ಓದಿ ಅನ್ನ ಸೇರಲಿಲ್ಲ. ನಾನು ಕೇಳದಿದ್ದರೆ ನಿನ್ನ ಕಾಲು ಸುಡುತ್ತಿರಲಿಲ್ಲ. ಅಣ್ಣ ಬೈದದ್ದು ಕಡಿಮೆಯೇ ಆಯಿತು.

ಹಲಗೆ ಒಲೆಗೆ ಹಾಕಿದೆ. ಬರಿಗಾಲಲ್ಲಿ ಭತ್ತಕ್ಕೆ ಇಳಿದೆ. ಮೊದಲ ದಿನ ನನ್ನ ಕಾಲು "ಸುಡುತ್ತದೆ" ಎಂಬುದನ್ನು ಬಿಟ್ಟು ಬೇರೆ ಸುದ್ದಿಯನ್ನೇ ಹೇಳಲಿಲ್ಲ. ವೀರೇಶ್ ನೀರು ತಂದು ಕಾಲಿಗೆ ಹೊಯ್ದರು. ಆಮೇಲಿನ ದಿನಗಳಲ್ಲಿ ಸ್ವಲ್ಪ ತಿಳಿದ ಹಾಗಿದೆ. ಗೋಡೆಯ ಕಡೆ ಕಾಳು ಬೆರಳ ಸಂದಿಗೆ ಅಂಟಿಕೊಳ್ಳುತ್ತದೆ, ಬಯಲಿನ ಕಡೆ ಜಾರುತ್ತದೆ. ಹಲಗೆಗೆ ಎರಡೂ ಒಂದೇ ಆಗಿತ್ತು. ಆದರೆ ಎಷ್ಟು ಜಾರಿದರೆ ಸಾಕು ಎಂಬುದು ತಿಳಿಯದು. ಇದು ತಿಳುವಳಿಕೆಯೋ, ನನ್ನ ಆಸೆಯೋ ಎಂದು ನನ್ನ ಮೇಲೆಯೇ ನನಗೆ ಅನುಮಾನ.

ನೀನು ಬಾ. ಹೊನ್ನೂರುಸ್ವಾಮಿ ಆಟೋದಲ್ಲಿ ಹಾಸಿಗೆ ಹಾಸಿ ಕರೆತರುತ್ತೇನೆ ಎಂದಿದ್ದಾನೆ. ನಾನು ವಿಷಯ ಹೇಳುವ ಮೊದಲೇ ಅವನು ನಿನ್ನ ಕಾಲಿನ ಬಗ್ಗೆ ಕೇಳಿದ, ಇರಲಿ. ಅಣ್ಣನ ಕಾಲಿಗೆ ಬಿದ್ದು ನಾನೇ ಒಪ್ಪಿಸುತ್ತೇನೆ. ನೀನು ನೆರಳಲ್ಲಿ, ದಿಂಬಿನ ಮೇಲೆ ಕಾಲಿಟ್ಟು ಕೂತು ನನ್ನನ್ನು ಬೈ. ಬೈಗುಳವಿಲ್ಲದೆ ಭತ್ತ ಒಣಗುವುದಿಲ್ಲವೇನೋ ಎಂಬುದೂ ನನಗೊಂದು ಅನುಮಾನ.

ನಿನ್ನ ಪಂಪಿ


ಚಿತ್ತವಾಡ್ಗಿ
೪ ಏಪ್ರಿಲ್

ನನ್ನ ಮಗಳು ಪಂಪಿಗೆ,

ಮೊನ್ನೆ ಮೊನ್ನೆ ನಿನ್ನ ಮನೆಯಲ್ಲೇ ಬೇವು-ಬೆಲ್ಲ ಜೊತೆಗೆ ತಿಂದವರು, ಮತ್ತೆ ಕಾಗದ ಯಾಕೆ ಎನ್ನಬೇಡ. ಎದುರಿಗೆ ಹೇಳಲಾಗದ ಒಂದು ಮಾತು ಉಳಿದಿದೆ.

ಯುಗಾದಿಗೆ ಮುಂಚೆ ಆ ಕೊನೆಯ ಭತ್ತ ಹರವಿದ್ದೆಯಲ್ಲ, ಅವತ್ತು ನೀನು ಮತ್ತೆ ಮತ್ತೆ, "ಆಯ್ತಾ ದೊಡ್ಡವ್ವ, ಆಯ್ತಾ?" ಎಂದು ಕೇಳಿದೆ. ನಾನು ದೊಡ್ಡ ಧಣಿಯ ಹಾಗೆ "ಇನ್ನೂ ಇಲ್ಲ, ತಡಿಯೇ" ಎಂದೆ. ಪಂಪಿ, ನನಗೆ ಏನೂ ಗೊತ್ತಿರಲಿಲ್ಲ. ಪಟ್ಟಿ ಕಟ್ಟಿದ ಕಾಲು ದಿಂಬಿನ ಮೇಲಿತ್ತು. ನೆರಳಲ್ಲಿ ಕೂತವಳಿಗೆ ಎಲ್ಲ ಭತ್ತವೂ ಒಂದೇ ಬಣ್ಣ. ಇವತ್ತು ಇದೂ ಕೆಟ್ಟರೆ ಶೆಡ್ಡು ಹೋಯಿತು ಎಂಬುದೊಂದೇ ಗೊತ್ತಿತ್ತು.

ಆಮೇಲೆ ವೀರೇಶ್ ಚಹಾ ತಡ ಮಾಡಿ ತಂದ. ನೀನು ನಡೆಯುತ್ತಲೇ ಅವನನ್ನು ಬೈಯಲು ಶುರು ಮಾಡಿದೆ. "ಈಗ ತಂದ್ರೇನ್ರಿ, ಸಂಜಿಗೆ ತರಬೇಕಿತ್ತು," ಅಂತ ಏನೋ. ಬೈಯುತ್ತಾ ಬೈಯುತ್ತಾ ನಡುವೆ ನಿನ್ನ ಕಾಲು ನಿಂತಿತು. ನಿನಗೆ ಅದು ತಿಳಿಯಲಿಲ್ಲ. ಬಾಯಿ ಇನ್ನೂ ಬೈಯುತ್ತಿತ್ತು, ಕಾಲು ಮಾತ್ರ ನಿಂತಿತ್ತು. ಆಗ ನಾನು "ಕಡಿ" ಎಂದೆ. ನೀನು ಬಗ್ಗಿ ಕಾಳು ತೆಗೆದು ಕಡಿದೆ. ಟಕ್ ಅಂದದ್ದು ನೆರಳಿಗೂ ಕೇಳಿಸಿತು.

ದೊಡ್ಡವ್ವ ಹೇಳಿದಳು, ಅದಕ್ಕೇ ಹದ ಸಿಕ್ಕಿತು ಎಂದು ನೀನು ಊರೆಲ್ಲ ಹೇಳಿಕೊಂಡು ಬಂದೆ. ನಾನು ಹೇಳಲಿಲ್ಲ. ನಿನ್ನ ಕಾಲು ನನಗೆ ಹೇಳಿತು, ನಾನು ಅದನ್ನೇ ನಿನಗೆ ಹೇಳಿದೆ. ಅವತ್ತು ಬೆಳಗಿನಿಂದ ನೀನು ಕಡಿದದ್ದು ಅದೊಂದೇ ಕಾಳು.

ಕೊಟ್ರಯ್ಯ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಇನ್ನೊಂದು ಮುಷ್ಟಿ ತೆಗೆದುಕೊಂಡಾಗಲೇ ಟೈರ್ ಅಂಗಡಿಯವರ ಕಥೆ ಮುಗಿಯಿತು ಅಂತ ನನಗೆ ಗೊತ್ತಾಯಿತು. ಯಮನಮ್ಮ ಹಂಪಿಯಿಂದ ಮತ್ತೆ ಚೀಲ ಕೇಳಿದ್ದಾಳೆ, ನಿನ್ನದೇ ಬೇಕಂತೆ. ಕೇಳಿ ಸ್ವಲ್ಪ ಹೊಟ್ಟೆ ಉರಿಯಿತು, ಆಮೇಲೆ ಆರಿತು.

ಇನ್ನು ಮೇಲೆ ನನ್ನ ಪಾಲಿನ ಭತ್ತವನ್ನೂ ಅಲ್ಲೇ ಒಣಗಿಸು. ಅಕ್ಕಿ ಮಾಡಿಸಿ ಕಳಿಸು, ಕೂತು ಹುರಿಯಲು ನನಗೆ ಕಾಲು ಬೇಕಿಲ್ಲ. ಕಳಿಸುವಾಗ ನಿನ್ನ ಭಟ್ಟಿಯ ಮರಳು ಒಂದು ಹಿಡಿ ಕಟ್ಟಿಕೊಡು. ಈ ಸಲ ಯಾವುದು ಯಾರದು ಅಂತ ಆರಿಸುವುದಿಲ್ಲ.

ಈ ಕಾಗದಕ್ಕೆ ಅನ್ನ ಹಚ್ಚಿಲ್ಲ, ಪಿನ್ನೂ ಹೊಡೆದಿಲ್ಲ. ಹೊನ್ನೂರುಸ್ವಾಮಿ ಓದಿದರೆ ಓದಲಿ. ಓದಿದ ಮಾತ್ರಕ್ಕೆ ಅವನ ಕಾಲು ನಿಲ್ಲುವುದಿಲ್ಲ.

ನಿನ್ನ ದೊಡ್ಡವ್ವ,
ತಾಯಕ್ಕ